ಗೋಡೆಗೆ ಕಿವಿಗೊಟ್ಟು ಆಡುತ್ತಿದ್ದವಳು

ಆಡುವಾಗ ಅಕ್ಕನ ಕತ್ತು ಎಡಕ್ಕೆ ವಾಲಿರುತ್ತಿತ್ತು, ಗೋಡೆಯಾಚೆ ಯಾರೋ ಕರೆದಂತೆ. ಕಣ್ಣು ಅರ್ಧ ಮುಚ್ಚಿ, ಬಾಯಲ್ಲೊಂದು ಲವಂಗ. ಟೀವಿಯಲ್ಲಿ ಗುದ್ದಾಡುವ ಇಬ್ಬರಲ್ಲಿ ಒಬ್ಬನನ್ನು ಆಡಿಸುತ್ತಿರುವವಳು ಈಕೆಯೇ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಆಕೆ ನನ್ನ ದೊಡ್ಡಪ್ಪನ ಮಗಳು. ಬೆಟಗೇರಿಯಲ್ಲಿ ನಮ್ಮದು ನೇಕಾರರ ಓಣಿ. ಗದಗಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕ ಅಲ್ಲಿಂದಲೇ ಒಂದು ಹಳೆಯ ವಿಡಿಯೊ ಗೇಮ್ ತಂದಿದ್ದಳು. ನಾನು ಧಾರವಾಡದಲ್ಲಿ ಮನಃಶಾಸ್ತ್ರ ಓದಿ ಬಂದವನು. ಏಟಿಗೆ ಏಟು ಪೋಣಿಸುವ ಉದ್ದುದ್ದ ಕಾಂಬೊಗಳನ್ನು ಬೆರಳಿಗೆ ಬಾಯಿಪಾಠ ಮಾಡಿಸಿದ್ದೆ. ಅಕ್ಕನಿಗೆ ಬರುತ್ತಿದ್ದುದು ತಡೆಯುವುದು, ಒದೆಯುವುದು, ಎತ್ತಿ ಎಸೆಯುವುದು. ಆದರೂ ಸೋಲುತ್ತಿದ್ದವನು ನಾನೇ.

"ಯಾಕೋ ಪ್ರೊಫೆಸರ, ಕಾಲ ಎತ್ತಾಂವ ಇದ್ದಿಯಲ್ಲ, ಎತ್ತು!" ಅನ್ನುವಳು.

"ಮಂದಿ ಮನಸ್ ಓದ್ತಿಯೇನ?" ಎಂದು ಒಮ್ಮೆ ಕೇಳಿದೆ.

"ಮನಸಲ್ಲೋ, ಗ್ವಾಡಿ. ಪಕ್ಕದ ಕಾಕಾನ ಪವರ್‌ಲೂಮ್ ಕೇಳಸ್ತೈತಿಲ್ಲ? ಈ ಓಣ್ಯಾಗ ಹುಟ್ಟಿದವರ ಬಟ್ಟು ಅದರ ತಾಳಕ್ಕ ಬೀಳ್ತಾವ. ನಿನ್ನವೂ."

ನಾನು ನಂಬಲಿಲ್ಲ. ಪರೀಕ್ಷೆಗೆಂದು ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿರೆಂದು ಕಾಕಾನನ್ನು ಕೇಳಿದೆ. "ನಿಮ್ಮ ಗುದ್ದಾಟಕ್ಕ ನನ್ನ ಸೀರಿ ನಿಂದರ್ಸ್ಲೇನೋ? ಎಂ.ಎ. ಮಾಡಿ ಬಂದಾನ ನೋಡ!" ಎಂದರು. ಕಿವಿಗೆ ಇಯರ್‌ಫೋನ್ ಹಾಕಿ, ಜೋರಾಗಿ ಹಾಡು ಹಚ್ಚಿ ಆಡಿದೆ. ಆ ದಿನ ಗೆದ್ದೆ. ಒಂದು ಗೆಲುವು ಪುರಾವೆಯಲ್ಲ. ಅಕ್ಕನಿಗೆ ದಣಿವಾಗಿದ್ದಿರಬಹುದು, ಹಾಗೆ ಆಡಿಯೂ ಸೋತ ದಿನಗಳನ್ನು ನಾನು ಮರೆತಿರಬಹುದು. ಆದರೆ ಅಕ್ಕನ ಮುಖ ಸಣ್ಣದಾಯಿತು.

"ಹಂಗಾರ ಹುಬ್ಬಳ್ಳ್ಯಾಗ ಏನ್ ಮಾಡ್ಲಿ? ಅಲ್ಲಿ ಈ ಗ್ವಾಡಿ ಇರೂದಿಲ್ಲಲ್ಲೋ."

ಹುಬ್ಬಳ್ಳಿಯ ಸ್ಪರ್ಧೆಗೆ ಆಕೆ ಹೆಸರು ಕೊಟ್ಟಿದ್ದಳು. ಗೆಲ್ಲುವುದಕ್ಕಿಂತ ತಾಯಿಯ ಕಣ್ಣೆದುರು ಆಡಬೇಕೆಂಬುದೇ ಆಕೆಯ ಹಟ. "ಇಷ್ಟ್ ದೊಡ್ಡಾಕಿ ಆಗಿ ಟೀವಿ ಮುಂದ ಗುದ್ದಾಡ್ತಿಯಲ್ಲ, ಖಬರ ಐತೇನ ನಿನಗ?" ಎಂದು ದೊಡ್ಡವ್ವ ದಿನವೂ ಬೈಯುತ್ತಿದ್ದಳು. "ಒಮ್ಮೆ ನೋಡು, ಆಮ್ಯಾಲ ಬೈ" ಎಂದು ಅಕ್ಕ ಆಕೆಯನ್ನೂ ಬಸ್ಸು ಹತ್ತಿಸಿದಳು.

ಎದುರಾಳಿ ಮುಂಡರಗಿಯ ಹುಡುಗ. ಬೆರಳು ನನಗಿಂತಲೂ ಚುರುಕು. ಐದು ಸುತ್ತಿನ ಆಟದಲ್ಲಿ ಮೊದಲನೆಯದನ್ನು ಅಕ್ಕ ಕಣ್ಣು ಮಿಟುಕಿಸುವುದರೊಳಗೆ ಸೋತಳು. ಎರಡನೆಯದರಲ್ಲಿ ಅಕ್ಕ ಒಂದೂ ಏಟು ಹೊಡೆಯಲಿಲ್ಲ. ಬರೀ ತಡೆಯುತ್ತ, ತಡೆಯಲಾಗದ್ದನ್ನು ತಿನ್ನುತ್ತ, ಪರದೆ ಬಿಟ್ಟು ಪಕ್ಕದಲ್ಲಿ ಕೂತ ಹುಡುಗನನ್ನೇ ನೋಡುತ್ತಿದ್ದಳು. ಅದನ್ನೂ ಸೋತಳು. ಕೈಚೆಲ್ಲಿದಳು ಅಂದುಕೊಂಡೆ. ಮೂರನೆಯ ಸುತ್ತಿನಲ್ಲಿ ಅವನು ಕಾಂಬೊ ಶುರು ಮಾಡುವ ಮೊದಲೇ ಎತ್ತಿ ಎಸೆದಳು. ಮತ್ತೆ ಎಸೆದಳು. ಗೆದ್ದಳು. ನಾಲ್ಕನೆಯದನ್ನೂ ಗೆದ್ದಳು. ಕೊನೆಯದರಲ್ಲಿ, ಇಬ್ಬರಿಗೂ ಒಂದೇ ಏಟು ಬಾಕಿ ಇದ್ದಾಗ, ಹುಡುಗನ ಬೆರಳು ಮುಂದಾಯಿತು. ಅಕ್ಕ ಸೋತಳು.

ಆಮೇಲೆ ದೊಡ್ಡವ್ವನೇ ಮೊದಲು ಬಾಯಿ ತೆರೆದಳು.

"ಆ ಹುಡುಗ ಹೊಡಿಯಾಕ ಮೊದ್ಲ ಉಸರ ಹಿಡೀತಿದ್ದ, ಹೌದಿಲ್ಲ?"

ಅಕ್ಕ ತಿರುಗಿ ನೋಡಿದಳು. "ಯವ್ವಾ, ನಿನಗೂ ಕಾಣಿಸ್ತ?"

"ಕಾಣಿಸ್ದ ಏನ? ಕಡೀಕ ಯಾಕ ತಡಾ ಮಾಡಿದಿ ಮತ್ತ?"

"ಗೊತ್ತಿತ್ತಬೇ. ಬಟ್ಟು ಮುಟ್ಟಲಿಲ್ಲ."

"ಹಂಗಾರ ಬಟ್ಟಿಗೆ ಕಲಿಸು. ಇಂವ ಅದಾನಲ್ಲ, ಖಾಲಿ ಕುಂತಾಂವ," ಎಂದು ದೊಡ್ಡವ್ವ ನನ್ನತ್ತ ಗದ್ದ ಎತ್ತಿದಳು.

ಈ ಮಾತು ನಡೆದದ್ದು ಬಸ್ಸಿನಲ್ಲೋ ಮನೆಗೆ ಬಂದ ಮೇಲೋ, ಈಗ ಖಚಿತವಿಲ್ಲ. ಅಕ್ಕ ಕಣ್ಣೊರೆಸಿಕೊಳ್ಳಲು ಕಿಟಕಿಯ ಕಡೆ ತಿರುಗಿದ್ದು ನೆನಪಿದೆ, ಹಾಗಾಗಿ ಬಸ್ಸೇ ಇರಬೇಕು.

ಮರುದಿನದಿಂದ ಆಕೆಗೆ ಕಾಂಬೊ ಕಲಿಸತೊಡಗಿದೆ. ಹೋದ ವರ್ಷ ಕಾಯಿಲೆ ಹಿಡಿದು ಆಸ್ಪತ್ರೆ ಸೇರುವವರೆಗೂ ಕಲಿಯುತ್ತಲೇ ಇದ್ದಳು. ಅಲ್ಲಿಂದ ಮರಳಲಿಲ್ಲ. ಕೈ ಎತ್ತುವ ಮೊದಲು ಎದುರಿಗಿರುವವನನ್ನು ನೋಡಬೇಕೆಂಬುದನ್ನು ನಾನು ಆಕೆಯಿಂದ ಕಲಿತಿದ್ದೇನೆ ಅಂದುಕೊಂಡಿದ್ದೇನೆ. ನಿಜವಾಗಿಯೂ ಕಲಿತಿದ್ದೇನೆಯೇ ಎಂದು ಆಡಿ ನೋಡಿ ಹೇಳಬಲ್ಲವಳು ಈಗ ಇಲ್ಲ.