ಸುಬ್ಬಿಯ ಬೊಟ್ಟು

ಬೈರಣ್ಣನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಗಂಡಿನ ಕಡೆಯವರು ನನ್ನನ್ನು ನೋಡಲು ಕೊಡಿಗೇಹಳ್ಳಿಗೆ ಬಂದ ದಿನ. ಐವತ್ತೆಂಟನೇ ಇಸವಿ, ಅವರೆಕಾಯಿ ಕಾಲ. ಗಂಡಿಗೆ ಹೆಬ್ಬಾಳದ ಕೆರೆ ಕೆಳಗೆ ಎರಡೆಕರೆ ಗದ್ದೆಯಿದೆ, ಒಂದು ಜೊತೆ ಎತ್ತಿದೆ ಎಂದೆಲ್ಲ ಹೇಳಿದ ಮೇಲೆ, ಬಂದಿದ್ದ ಹಿರಿಯರೊಬ್ಬರು ಕೊನೆಗೆ ಉಳಿಸಿಕೊಂಡಿದ್ದ ಮಾತನ್ನು ತೆಗೆದರು. ಗಂಡಿನ ತಮ್ಮ ಬೈರಣ್ಣ ಮಿಲಿಟರಿಯಲ್ಲಿದ್ದಾನೆ, ಗಡಿಯಲ್ಲಿ ಬಂದೂಕ ಹಿಡಿದು ನಿಂತಿದ್ದಾನೆ ಅಂತ. ಅಲ್ಲಿಯವರೆಗೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದ ನಮ್ಮಪ್ಪ ನೆಟ್ಟಗೆ ಕೂತರು. ಗಂಡು ಹೇಗಿದ್ದಾನೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ನನ್ನ ಮದುವೆ ನಿಶ್ಚಯವಾದದ್ದು ಬೈರಣ್ಣನ ಬಂದೂಕಿನ ಜೊತೆ ಎಂದರೂ ತಪ್ಪಿಲ್ಲ.

ಆ ದಿನ ಬೈರಣ್ಣ ಯಾವ ಗಡಿಯಲ್ಲೂ ಇರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲೇ, ನಮ್ಮೂರಿಂದ ಎರಡು ಗಂಟೆ ನಡಿಗೆಯ ದೂರದಲ್ಲಿ, ಲಾಯದ ಲದ್ದಿ ಎತ್ತುತ್ತಿದ್ದ. ಅದು ನನಗೆ ಗೊತ್ತಾದದ್ದು ಮೂರು ವರ್ಷ ಕಳೆದು.

ಅಷ್ಟರಲ್ಲಿ ಅವನನ್ನು ನಿಜವಾಗಿಯೂ ಗಡಿಗೆ ಕಳಿಸಿದ್ದರು. ಅಸ್ಸಾಮಿನ ಆಚೆ, ನೇಫಾ ಅನ್ನುತ್ತಿದ್ದರಲ್ಲ, ಆ ಬೆಟ್ಟಗಳಿಗೆ. ಅರವತ್ತೊಂದರಲ್ಲಿ ರಜೆಗೆ ಬಂದಾಗ ಅವನ ಟ್ರಂಕಿನ ಬಟ್ಟೆ ಒಗೆಯಲು ತೆಗೆದೆ. ಅಡಿಯಲ್ಲಿ ಅಂಗೈ ಅಗಲದ ಒಂದು ಬ್ರಷ್, ಅದರ ತುಂಬ ಕಂದು ಕೂದಲು. ಇದು ಯಾರ ಕೂದಲಪ್ಪ ಎಂದೆ. ಅವನು ಅವರಮ್ಮ ಹತ್ತಿರದಲ್ಲಿ ಇಲ್ಲ ಅನ್ನುವುದನ್ನು ಮೊದಲು ನೋಡಿಕೊಂಡ.

"ಅತ್ತಿಗೆ, ನಾನು ಅಲ್ಲಿ ಕತ್ತೆ ಕಾಯ್ತೀನಿ. ಬಾಯಿ ಬಿಡ್ಬೇಡಿ."

ಕತ್ತೆ ಅಂದರೆ ಹೇಸರಗತ್ತೆ, ಕುದುರೆಗೂ ಕತ್ತೆಗೂ ಹುಟ್ಟಿದ್ದು. ಲಾರಿ ಹೋಗದ ಬೆಟ್ಟಕ್ಕೆ ಅಕ್ಕಿ, ಸೀಮೆಎಣ್ಣೆ, ಗುಂಡಿನ ಪೆಟ್ಟಿಗೆ ಎಲ್ಲ ಅದರ ಬೆನ್ನ ಮೇಲೇ ಹೋಗಬೇಕಂತೆ. ಬೈರಣ್ಣನ ಪಾಲಿಗೆ ಬಂದದ್ದು ಒಂದು ಹೆಣ್ಣು. ಸರ್ಕಾರ ಅದಕ್ಕೆ ಹೆಸರು ಕೊಟ್ಟಿರಲಿಲ್ಲ, ಗೊರಸಿನ ಮೇಲೆ ಒಂದು ನಂಬರು ಸುಟ್ಟಿತ್ತು. ಇವನು ಸುಬ್ಬಿ ಎಂದು ಕರೆದ.

ಅವನ ದಿನ ಹೇಗಿರುತ್ತಿತ್ತು ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದವನು ತನ್ನ ಮುಖ ತೊಳೆಯುವ ಮುಂಚೆ ಅವಳ ಗೊರಸು ತೊಳೆಯಬೇಕು. ಮೊದಲು ಅವಳಿಗೆ ನೀರು, ಆಮೇಲೆ ಹುಲ್ಲು, ಆಮೇಲೆ ಇವನಿಗೆ ಚಾ. ಅವಳ ಕಡಲೆಯನ್ನು ನೆನೆಹಾಕಿಯೇ ಕೊಡಬೇಕು, ಒಣದು ತಿಂದರೆ ಹೊಟ್ಟೆನೋವು ಬಂದು ಸಾಯುತ್ತಾಳೆ. ಮನುಷ್ಯರ ಬೇಳೆ ಬೇಯದಿದ್ದರೆ ಕೇಳುವವರಿಲ್ಲ, ಅವಳ ಕಡಲೆಯನ್ನು ಮಾತ್ರ ಸಾಹೇಬರು ಬಂದು ಹಿಸುಕಿ ನೋಡುತ್ತಿದ್ದರು. ಅವಳಿಗೆ ಕೆಮ್ಮು ಬಂದರೆ ಡಾಕ್ಟರು ಬೆಟ್ಟ ಹತ್ತಿ ಬರುವರು. ಇವನಿಗೆ ಬಂದರೆ ಇವನೇ ಇಳಿದು ಹೋಗಬೇಕು. ಒಂದು ಸಲ ಇವರ ಸಾಲಿನಲ್ಲಿ ಒಂದು ಹೇಸರಗತ್ತೆ ಕಮರಿಗೆ ಜಾರಿತು. ಮೂರು ಜನ ಸಾಹೇಬರು ಕೂತು ಎರಡು ದಿನ ವಿಚಾರಣೆ ಮಾಡಿದರು. ಅದೇ ತಿಂಗಳು ಒಬ್ಬ ಜವಾನ ಜಾರಿದ. ಅದು ಒಂದೇ ಕಾಗದದಲ್ಲಿ ಮುಗಿಯಿತು.

"ಮತ್ತೆ ಬಂದೂಕ?" ಅಂದೆ.

"ಕೊಟ್ಟವ್ರೆ. ಎರಡು ಕೈಯಾಗೂ ಹಗ್ಗ ಹಿಡ್ಕೊಂಡಿರ್ತೀನಲ್ಲ, ಅದನ್ನ ಯಾವ ಕೈಯಾಗೆ ಹಿಡೀಲಿ?"

ಇದರಲ್ಲಿ ಮುಚ್ಚಿಡುವುದು ಏನಿದೆ ಎಂದು ಈಗಿನವರು ಕೇಳಬಹುದು. ನಮ್ಮ ಒಕ್ಕಲು ಮನೆಗಳಲ್ಲಿ ಎತ್ತಿನ ಸಗಣಿ ಬಾಚಿದರೆ ಮರ್ಯಾದೆ, ಕತ್ತೆಯ ಹಗ್ಗ ಮುಟ್ಟಿದರೆ ಮನೆತನವೇ ಹೋಯಿತು ಅನ್ನುವ ಕಾಲ ಅದು. ತಪ್ಪು ಮಾಡಿದವನ ತಲೆ ಬೋಳಿಸಿ ಕತ್ತೆ ಮೇಲೆ ಕೂರಿಸುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವರು ನಾವು. ಅದರ ಮೇಲೆ ಯಲಹಂಕದ ವೆಂಕಟಸ್ವಾಮಿಯವರು ತಮ್ಮ ಮಗಳು ಮುನಿಕೃಷ್ಣಮ್ಮನನ್ನು ಬೈರಣ್ಣನಿಗೆ ಕೊಡುವ ಮಾತು ತೆಗೆದಿದ್ದರು. ಬೈರಣ್ಣ ಆ ಹುಡುಗಿಯನ್ನು ಸಂತೆಯಲ್ಲಿ ಒಂದು ಸಲ ನೋಡಿದ್ದ. ಕಟ್ಟಿಕೊಂಡರೆ ಅವಳನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಅನ್ನುವ ಹಾಗಿದ್ದ. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಮುನಿಕೃಷ್ಣಮ್ಮನೂ ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಲ್ಲಿ ಮೂರನೇ ಕ್ಲಾಸು ಓದಿದ್ದವಳು ನಾನೊಬ್ಬಳೇ. ಬೈರಣ್ಣನ ಕಾಗದಗಳನ್ನು ನಮ್ಮತ್ತೆ ಯಲ್ಲಮ್ಮನವರಿಗೆ ನಾನೇ ಓದಿ ಹೇಳುತ್ತಿದ್ದೆ, ಸುಬ್ಬಿಯ ಸಾಲುಗಳನ್ನು ಹಾರಿಸಿ. ಅರವತ್ತೆರಡರ ಬೇಸಿಗೆಯಲ್ಲಿ ಹೆರಿಗೆಗೆಂದು ನಾನು ತವರಿಗೆ ಹೋದೆ. ಆಗ ಬಂದ ಕಾಗದವನ್ನು ಪೋಸ್ಟ್‌ಮ್ಯಾನ್ ಮೆಹಬೂಬ್ ಪಾಷಾ ಪಾಪ ಒಂದಕ್ಷರ ಬಿಡದೆ ಓದಿಬಿಟ್ಟ. 'ಸುಬ್ಬಿಗೆ ಮೈ ಸುಡುತ್ತಿತ್ತು. ಎರಡು ದಿನ ಪಕ್ಕದಲ್ಲೇ ಮಲಗಿದ್ದೆ. ನನ್ನ ಕಂಬಳಿ ಅವಳಿಗೇ ಹೊದಿಸಿದೆ. ನಾನಲ್ಲದೆ ಬೇರೆ ಯಾರು ಕೊಟ್ಟರೂ ತಿನ್ನುವುದಿಲ್ಲ.'

ಮಾರನೆಯ ದಿನವೇ ನಮ್ಮತ್ತೆ ಕೊಡಿಗೇಹಳ್ಳಿಗೆ ಬಂದರು. ಬಾಣಂತಿಯನ್ನೂ ಮಾತಾಡಿಸಲಿಲ್ಲ, ಮಗುವನ್ನೂ ನೋಡಲಿಲ್ಲ.

"ನಿನಗೆ ಗೊತ್ತಿರ್ತದೆ, ಹೇಳು. ಯಾರೇ ಅವ್ಳು ಸುಬ್ಬಿ?"

ಕತ್ತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಕೊಟ್ಟ ಮಾತೂ ನೆನಪಾಯಿತು. ತಲೆ ತಗ್ಗಿಸಿ ಮಗುವಿನ ಕುಲಾವಿ ಸರಿಮಾಡಿದೆ. ಅಷ್ಟೇ ನಾನು ಮಾಡಿದ್ದು. ಅದರಿಂದಲೇ ಎಲ್ಲ ಆಯಿತು.

ಸುದ್ದಿ ಯಲಹಂಕಕ್ಕೂ ಹೋಯಿತು. ವೆಂಕಟಸ್ವಾಮಿಯವರು ಬಂದಾಗ ನಾನು ಮಗುವಿನ ಜೊತೆ ಹಿಂತಿರುಗಿದ್ದೆ. ಸಂಬಂಧ ಮುರಿಯಿತು ಎಂದೇ ನಮ್ಮ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ವೆಂಕಟಸ್ವಾಮಿಯವರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು.

"ಮಿಲಿಟ್ರಿ ಗಂಡಸು, ದೂರದಾಗೆ ಅವ್ನೆ. ಅದೆಲ್ಲ ಇದ್ದದ್ದೇ ಕಣಮ್ಮ. ನಮ್ಮ ಹುಡ್ಗಿ ಬಂದ್ಮೇಲೆ ಸರೋಯ್ತದೆ. ನಾನು ನೋಡೋದು ಕುಲ. ಓದ್ ವರ್ಸ ಒಂದು ಗಂಡು ಬಂದಿತ್ತು, ಅವರ ತಾತ ಕತ್ತೆ ಮೇಲೆ ಉಪ್ಪು ಹೇರಿ ಮಾರ್ತಿದ್ನಂತೆ. ಬೇಡ ಅಂದ್ಬುಟ್ಟೆ."

ಹೆಂಗಸಾದರೆ ನಡೆಯುತ್ತದೆ, ಕತ್ತೆಯಾದರೆ ಇಲ್ಲ. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಆ ದೀಪಾವಳಿಯ ಹೊತ್ತಿಗೆ ಯುದ್ಧ ಶುರುವಾಯಿತು. ಎರಡು ತಿಂಗಳು ಕಾಗದವಿಲ್ಲ. ನಮ್ಮತ್ತೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಬೈರಣ್ಣ ಬಂದ, ಎಡಗಾಲಿನ ಎರಡು ಬೆರಳಿಲ್ಲದೆ. ಊರವರು ಹೂವಿನ ಹಾರ ಹಾಕಿ, ಎಷ್ಟು ಜನರನ್ನು ಹೊಡೆದೆ ಎಂದು ಕೇಳಿದರು. ಬೂಟು ಕಿರಿದಾಗಿತ್ತು ಅಂದ. ಅವರು ಅದನ್ನೂ ಶೌರ್ಯ ಎಂದೇ ತಿಳಿದರು.

ಒಳಗೆ ಬಂದ ಮೇಲೆ ನಮ್ಮತ್ತೆ ಕೇಳಿದ ಮೊದಲ ಮಾತು, "ಅವ್ಳು ಎಲ್ಲೋ?"

ಬೈರಣ್ಣ ನನ್ನ ಮುಖ ನೋಡಿದ. ನಾನು ಕಾಗದದ ವಿಷಯ ಬರೆದು ತಿಳಿಸಿದ್ದೆ, ಅದು ಅವನಿಗೆ ತಲುಪಿತ್ತು.

"ಸತ್ತೋದ್ಲಮ್ಮ," ಅಂದ. ಆಮೇಲೆ ಹಾರ ಹಾಕಿಕೊಂಡೇ ಕೂತು ಅತ್ತ.

ಏನಾಯಿತೆಂದು ನನಗೊಬ್ಬಳಿಗೇ ಆಮೇಲೆ ಹೇಳಿದ. ಹಿಂದಕ್ಕೆ ಬನ್ನಿ ಎಂದು ಹುಕುಂ ಆದಾಗ ದಾರಿ ತೋರಿಸುವವರು ಮೊದಲೇ ಹೋಗಿದ್ದರು. ಜೊತೆಗಾರ ಗುಲಾಮ್ ರಸೂಲನ ಕಾಲು ಹಿಮದಲ್ಲಿ ಕೆಟ್ಟಿತ್ತು. ಅವನನ್ನು ಸುಬ್ಬಿಯ ಬೆನ್ನ ಮೇಲೆ ಕಟ್ಟಿ ಹನ್ನೊಂದು ದಿನ ನಡೆದರು. ಹನ್ನೆರಡನೆಯ ದಿನ, ನಮ್ಮವರ ಲಾರಿ ಕಣ್ಣಿಗೆ ಕಾಣುವಾಗ, ಅವಳು ಮಂಡಿಯೂರಿದಳು. ಗುಲಾಮ್ ರಸೂಲ್ ಬದುಕಿಕೊಂಡ. ಸತ್ತ ಪ್ರಾಣಿಯ ನಂಬರಿನ ಗೊರಸನ್ನು ಕೊಯ್ದು ತಂದು ಒಪ್ಪಿಸಬೇಕು, ಇಲ್ಲದಿದ್ದರೆ ಮಾರಿಕೊಂಡ ಅನ್ನುತ್ತಾರೆ. ಇವನು ಕೊಯ್ದು ತಂದ. ಗುಮಾಸ್ತ ನಂಬರು ನೋಡಿ ಪುಸ್ತಕದಲ್ಲಿ ಗೀಟು ಹೊಡೆದನಂತೆ.

ನಮ್ಮತ್ತೆಯವರು ತಲೆಗೆ ನೀರು ಹಾಕಿಕೊಂಡು ಮನೆ ಸಾರಿಸಿದರು. ತಾಳಿ ಕಟ್ಟಿದ್ನೋ ಬಿಟ್ನೋ, ಜೊತೆಯಲ್ಲಿ ಬಾಳಿದ ಹೆಣ್ಣು ಎಂದರು. ಸತ್ತ ಸವತಿ ಕಾಡಬಾರದೆಂದು ಎರಡನೆಯವಳ ತಾಳಿಯ ಪಕ್ಕ ಅವಳ ಹೆಸರಿನಲ್ಲಿ ಒಂದು ಚಿನ್ನದ ಬೊಟ್ಟು ಪೋಣಿಸುವ ಪದ್ಧತಿ ನಮ್ಮಲ್ಲಿ ಇತ್ತು. ವೆಂಕಟಸ್ವಾಮಿಯವರೂ ಒಪ್ಪಿದರು. ಅಕ್ಕಸಾಲಿಯು ಅವರೆಕಾಳಿನಷ್ಟು ಬೊಟ್ಟಿನ ಮೇಲೆ ಹೆಣ್ಣಿನ ಮುಖ ಒತ್ತಿ ತಂದ, ಮೂಗುತಿ ಸಮೇತ.

ಚಪ್ಪರ ಹಾಕುವ ದಿನ ಬೈರಣ್ಣ ಕೊಟ್ಟಿಗೆಗೆ ಬಂದ. ನಾನು ಹಾಲು ಕರೆಯುತ್ತಿದ್ದೆ.

"ಈಗ್ಲೂ ಹೇಳ್ಬೋದು ಕಣಪ್ಪ. ಹೇಳಿದ್ರೆ ಮದ್ವೆ ನಿಲ್ತದೆ, ಅಷ್ಟೆ," ಅಂದೆ.

ಬಗ್ಗಿ ಎತ್ತಿನ ಗೊರಸಿಗೆ ಮೆತ್ತಿದ್ದ ಸಗಣಿ ಒರೆಸಿದ. "ಬಿಡಿ ಅತ್ತಿಗೆ. ಸರ್ಕಾರ ಗೀಟು ಹೊಡೀತು. ಅವಳಿಗೆ ಇಷ್ಟಾದ್ರೂ ಸಿಗ್ಲಿ."

ಹೀಗೆ ಮುನಿಕೃಷ್ಣಮ್ಮ ಒಂದು ಹೇಸರಗತ್ತೆಗೆ ತಂಗಿಯಾಗಿ ನಮ್ಮ ಮನೆಗೆ ಬಂದಳು. ಒಳ್ಳೆಯ ಹುಡುಗಿ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಗಳ ಪಕ್ಕದಲ್ಲಿ ಸುಬ್ಬಿಗೂ ಒಂದು ಎಲೆ ಹಾಕುತ್ತಿದ್ದಳು, ಒಂದು ರವಿಕೆ ಕಣ ಇಡುತ್ತಿದ್ದಳು. ಅವಳಿಗೆ ಏನು ಇಷ್ಟ ಎಂದು ಗಂಡನನ್ನು ಕೇಳಿದಳು. ನೆನೆದ ಕಡಲೆ, ಬೆಲ್ಲ ಅಂದ. ನೋಡಲು ಹೇಗಿದ್ದಳು ಎಂದು ಕೇಳಿದಳು. ಕಂದು ಬಣ್ಣ, ದೊಡ್ಡ ಕಣ್ಣು, ಮಾತು ಕಮ್ಮಿ ಅಂದ.

"ಮಾತು ಕಮ್ಮಿ ಅಂತ ನನ್ಗೆ ಚುಚ್ಚಕ್ಕೇ ಹೇಳಿದ್ದು ನೋಡಕ್ಕ," ಎಂದು ನನ್ನ ಹತ್ತಿರ ಮುನಿಸಿಕೊಂಡಳು. ಕಡಲೆಯನ್ನು ಮಾತ್ರ ಹಿಂದಿನ ದಿನವೇ ನೆನೆಹಾಕಿದಳು.

ಆ ಬೆಟ್ಟದ ಚಳಿ ಬೈರಣ್ಣನ ಎದೆಯಲ್ಲೇ ಉಳಿದಿತ್ತು. ಅರವತ್ತೆಂಟರಲ್ಲಿ ಮನೆಗೆ ಕಳಿಸಿದರು, ಅರವತ್ತೊಂಬತ್ತರಲ್ಲಿ ಮಿಲಿಟರಿ ಆಸ್ಪತ್ರೆಗೆ ಸೇರಿಸಿದೆವು. ಮಹಾಲಯಕ್ಕೆ ಎಂಟು ದಿನವಿತ್ತು. ಮಧ್ಯಾಹ್ನ ಮುನಿಕೃಷ್ಣಮ್ಮ ಬಿಸಿನೀರು ತರಲು ಹೋದಾಗ ಕೈ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದ.

"ಅತ್ತಿಗೆ, ನಾನು ಹೋದ್ಮೇಲೆ ಇವಳ ತಾಳಿ ತೆಗೀತಾರೆ. ಸುಬ್ಬಿ ಬೊಟ್ಟು ಅದ್ರ ಜೊತೆ ಹೋಗ್ಬಾರ್ದು. ಬಿಡಿಸಿ ಇವಳ ಕೈಗೇ ಕೊಡಿ. ಕತ್ತೆ ಅಂತ ಮಾತ್ರ ಹೇಳ್ಬೇಡಿ, ಎಡೆ ಇಡೋದು ನಿಲ್ಲಿಸ್ಬಿಡ್ತಾಳೆ."

ಆಗಲಪ್ಪ ಎಂದೆ. ಬಾಗಿಲ ಕಡೆ ನೋಡಿದ. ಮುನಿಕೃಷ್ಣಮ್ಮ ಇನ್ನೂ ಬಂದಿರಲಿಲ್ಲ.

"ಈ ಸಲ ಗಲಾಟೇಲಿ ಇವಳು ಮರೀಬೋದು. ಕಡಲೆ ನೆನೆಹಾಕಿದ್ಲಾ ಅಂತ ನೀವೇ ನೋಡಿ. ಒಣದು ತಿಂದ್ರೆ ಹೊಟ್ಟೆ ನೋಯ್ತದೆ."