ಸಲ್ಪ ನೋಡಿ

ಛಾಪಖಾನೆಯಲ್ಲಿ ಎಲ್ಲರೂ ಅವನನ್ನು ಒತ್ತಕ್ಷರ ಎಂದೇ ಕರೆಯುತ್ತಿದ್ದರು. ಎಲ್ಲಿ ಒತ್ತು ಬಿಟ್ಟುಹೋಗಿದೆ, ಎಲ್ಲಿ ದೀರ್ಘ ಹಾರಿಹೋಗಿದೆ ಎಂದು ಮೂವತ್ತೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕರಡು ತಿದ್ದಿದ ಮನುಷ್ಯ. ಮದುವೆಗೆ ಮುಂಚೆ ಹೆಂಡತಿಯಾಗುವವಳು ಬರೆದ ಮೊದಲ ಕಾಗದವನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ್ದ. ಅಷ್ಟಾದರೂ ಆಕೆ ಇವನನ್ನೇ ಕಟ್ಟಿಕೊಂಡಳು. ಆ ತಪ್ಪನ್ನು ಮಾತ್ರ ತಿದ್ದಲಾಗಲಿಲ್ಲ ಎಂದು ಈಗಲೂ ಹೇಳುತ್ತಾಳೆ. ಈ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವವನೂ ಅವನೇ. ಬೇರೆಯವರು ಗೇಲಿ ಶುರುಮಾಡುವ ಮುಂಚೆ ತಾನೇ ಮಾಡಿ ಮುಗಿಸುವುದು ವಾಸಿ ಎಂಬುದು ಅವನ ಅಭಿಪ್ರಾಯ. ಮುಂದಿನ ಕತೆಯನ್ನೂ ಅವನೇ ಹೇಳುತ್ತಾನೆ.

ಆ ಸಲ ಛಾಪಖಾನೆಗೆ ಒಟ್ಟಿಗೇ ಮೂರು ಕಿರುಪುಸ್ತಕ ಬಂದವು. ದೇವಸ್ಥಾನದ ಅರ್ಚಕರದ್ದೊಂದು, ಮಸೀದಿಯ ಮೌಲ್ವಿಗಳದ್ದೊಂದು, ಚರ್ಚಿನ ಪಾದ್ರಿಗಳದ್ದೊಂದು. ಮಕ್ಕಳು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಹದಿನಾರು ಹದಿನಾರು ಪುಟ, ಎಲ್ಲ ಕೈಬರಹದ ಬಿಡಿ ಹಾಳೆಗಳು. ಒತ್ತಕ್ಷರ ಸೆಕೆಯೆಂದು ಫ್ಯಾನು ಹಾಕಿದ. ಮೂರೂ ಕಟ್ಟು ಹಾರಿ ನೆಲ ಸೇರಿದವು. ಮೊಣಕಾಲೂರಿ ಆರಿಸತೊಡಗಿದ. ದೇವರ ಹೆಸರೋ ಗ್ರಂಥದ ಹೆಸರೋ ಇದ್ದ ಹಾಳೆಗಳು ಸಲೀಸಾಗಿ ತಮ್ಮ ತಮ್ಮ ಕಟ್ಟು ಸೇರಿದವು. ಹನ್ನೊಂದನೆಯ ಪುಟದಲ್ಲಿ ಮಾತ್ರ ಮೂರರಲ್ಲೂ ಅಂಥ ಗುರುತು ಇರಲಿಲ್ಲ. ಕೈಬರಹ ಹೋಲಿಸಿ ನೋಡಬಹುದಿತ್ತು. ಮೊಣಕಾಲು ನೋಯುತ್ತಿತ್ತು. ಇಸ್ಪೀಟೆಲೆ ಹಂಚಿದ ಹಾಗೆ ಒಂದೊಂದು ಕಟ್ಟಿಗೆ ಒಂದೊಂದು ಹಾಕಿ ಎದ್ದುಬಿಟ್ಟ.

ಅದನ್ನು ಕಂಪ್ಯೂಟರಿಗೆ ಹತ್ತಿಸುವುದು ಟೈಪಿಂಗಮ್ಮನ ಕೆಲಸ. ನಡೆಯಲಾರದ ಅಣ್ಣನನ್ನು ಈ ಸಂಬಳದಲ್ಲೇ ಸಾಕಿಕೊಂಡಿರುವ, ದಿನವಿಡೀ ತುಟಿ ಬಿಚ್ಚದೆ ಕೀಲಿ ಕುಟ್ಟುವ ನಲವತ್ತರ ಹೆಂಗಸು. ಆಕೆ ಮೂರೂ ಕರಡುಗಳ ಹನ್ನೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: ‘ಈ ಹಾಳೆಯ ಕೈಬರಹ ಬೇರೆ ಇದೆ, ಸಲ್ಪ ನೋಡಿ.’

ಒತ್ತಕ್ಷರ ನೋಡಿದ. ‘ಸಲ್ಪ’ ಕಂಡು ಮೈ ಉರಿಯಿತು. ಮೂರೂ ಕಡೆ ಕೆಂಪು ಶಾಯಿಯಲ್ಲಿ ‘ಸ್ವಲ್ಪ’ ಎಂದು ತಿದ್ದಿ, ‘ಸರಿ ಇದೆ’ ಎಂದು ಬರೆದು ರುಜು ಹಾಕಿದ.

ಪುಸ್ತಕ ಅಚ್ಚಾಗಿ, ಹಂಚಿಹೋಗಿ ವಾರ ಕಳೆದ ಮೇಲೆ ಕೈಬರಹಗಳನ್ನು ವಾಪಸ್ ಕೊಡಲು ತೆಗೆದ ಮಾಲೀಕ, ಅದಲುಬದಲಾದದ್ದನ್ನು ಕಂಡು ಬೆವತುಹೋದ. ಮೂರು ಕಡೆಯಿಂದ ಜನ ಬಂದು ನಿಂತರೆ ಬಾಗಿಲು ಹಾಕಬೇಕಾಗುತ್ತದೆ ಎಂದು ತಲೆ ಮೇಲೆ ಕೈ ಹೊತ್ತುಕೊಂಡ. ಯಾರ ಕೆಲಸ ಇದು ಎಂದು ಕೇಳಿದ.

“ನಾನು ನೋಡೋದು ಕಾಗುಣಿತ ಮಾತ್ರ ಸಾರ್,” ಎಂದ ಒತ್ತಕ್ಷರ. “ಪುಟ ಹಾಕಿದ್ದು ಅವ್ರು.”

ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು. ತಿದ್ದಿದ ಕರಡು ಅಷ್ಟು ಹೊತ್ತಿಗೆ ರದ್ದಿಗೆ ಹೋಗಿರುತ್ತದೆ ಎಂಬ ಧೈರ್ಯ ಬೇರೆ. ಟೈಪಿಂಗಮ್ಮ ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಮತ್ತೆ ಕೀಲಿ ಕುಟ್ಟತೊಡಗಿದಳು. ನಾಳೆಯಿಂದ ಬರುವುದು ಬೇಡ, ಗಲಾಟೆಯಾಗದಿದ್ದರೆ ನೋಡೋಣ ಎಂದ ಮಾಲೀಕ. ಆಕೆ ಚೀಲ ತೆಗೆದುಕೊಂಡು ಹೊರಟಳು. ಮೂರೂ ಕಡೆ ಹೋಗಿ ಕೈಮುಗಿದು ಬರುವ ಕೆಲಸ ಒತ್ತಕ್ಷರನ ಪಾಲಿಗೆ ಬಂತು.

ಯಾರೂ ಬೈಯದಿದ್ದರೆ ಆಕೆ ವಾಪಸ್ ಬರುತ್ತಾಳೆ, ತಾನೂ ಬಾಯಿ ಮುಚ್ಚಿಕೊಂಡಿರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಅರ್ಚಕರು ಹನ್ನೊಂದನೆಯ ಪುಟ ತೆರೆದು, ಇದನ್ನು ಬರೆಯಲು ತಾನು ಎಷ್ಟು ಒದ್ದಾಡಿದೆ ಎಂದು ಕಾಲು ಗಂಟೆ ಹೇಳಿದರು. ಅದು ಪಾದ್ರಿಗಳು ಬರೆದದ್ದು ಎಂದು ಹೇಳುವ ಎದೆಗಾರಿಕೆ ಇವನಿಗೆಲ್ಲಿ? ಮೌಲ್ವಿಗಳು ಮಾತ್ರ ನಕ್ಕರು. ಇದು ತನ್ನ ವಾಕ್ಯವಲ್ಲ ಎಂದು ಗೊತ್ತಾಗಿತ್ತಂತೆ, ಆದರೆ ಹೊಡೆದುಹಾಕಲು ಒಂದು ಸಾಲೂ ಸಿಗಲಿಲ್ಲವಂತೆ. ಎರಡು ಕಂಟಕ ಕಳೆಯಿತೆಂದು ಒತ್ತಕ್ಷರ ಸೈಕಲ್ಲನ್ನು ಜೋರಾಗಿಯೇ ತುಳಿದ.

ಪುಟ ಮೌಲ್ವಿಗಳದ್ದೆಂದು ಕೇಳಿಯೂ ಪಾದ್ರಿಗಳಿಗೆ ಗಡಿಬಿಡಿ ಇರಲಿಲ್ಲ. ಕುರ್ಚಿ ತೋರಿಸಿ, ಕನ್ನಡಕ ಹಾಕಿಕೊಂಡು ಪುಟ ಓದಿ ಮುಗಿಸಿ ಕೇಳಿದರು:

“ನೀವು ಓದಿದ್ರಲ್ವಾ ಇದನ್ನ?”

“ಎರಡು ಸಲ ಓದಿದ್ದೆ ಫಾದರ್.”

“ಏನಿದೆ ಇದ್ರಲ್ಲಿ?”

ಒತ್ತಕ್ಷರ ತಡವರಿಸಿದ. ಒಂಬತ್ತನೆಯ ಸಾಲಿನಲ್ಲಿ ‘ಕ್ಷಮೆ’ಯ ಒತ್ತು ಬಿಟ್ಟುಹೋಗಿತ್ತು, ಹಾಕಿದ್ದ; ಅದು ಚೆನ್ನಾಗಿ ನೆನಪಿತ್ತು. ಯಾರು ಯಾರನ್ನು ಯಾಕೆ ಕ್ಷಮಿಸಬೇಕು ಎಂಬುದು ಮಾತ್ರ ಸುತರಾಂ ನೆನಪಿಗೆ ಬರಲಿಲ್ಲ. ಪಾದ್ರಿಗಳು ನಿಧಾನವಾಗಿ ಓದಿ ಹೇಳಿದರು: “ತಪ್ಪು ನಿನ್ನದಾದರೆ ನೀನೇ ಹೋಗಿ ಹೇಳು. ಇನ್ನೊಬ್ಬರದಾದರೆ ನಾಲ್ಕು ಜನರ ಮುಂದೆ ಎಳೆದು ತರಬೇಡ. ಅವರೇ ಬಂದು ಹೇಳಲು ದಾರಿ ಬಿಡು.” ಆಮೇಲೆ ಪುಸ್ತಕ ಮುಚ್ಚಿ, “ನಾನು ಬರೆದದ್ದೂ ಇದೇ, ಸ್ವಲ್ಪ ಉದ್ದ ಆಗಿತ್ತು. ಮೌಲ್ವಿಗಳದ್ದೇ ಇರ್ಲಿ ಬಿಡಿ,” ಅಂದರು.

ಯಾರೂ ಬೈಯಲಿಲ್ಲ. ಅಂದುಕೊಂಡದ್ದೆಲ್ಲ ಆಯಿತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಾಚಿಕೆಯಾಯಿತು, ಕಿವಿಯವರೆಗೆ ನಾಚಿಕೆಯಾಯಿತು. ಛಾಪಖಾನೆಯವರೆಗೂ ಸೈಕಲ್ ತಳ್ಳಿಕೊಂಡೇ ಹೋಗಿ ಮಾಲೀಕನ ಮುಂದೆ ನಿಂತ. ಹಾಳೆ ಹಾರಿಸಿದವನೂ ನಾನೇ, ತಪ್ಪು ಜೋಡಿಸಿದವನೂ ನಾನೇ, ಆಕೆ ಕೇಳಿದರೂ ನೋಡದೆ ರುಜು ಹಾಕಿದವನೂ ನಾನೇ ಎಂದ. ಒಂದೇ ವಾಕ್ಯಕ್ಕೆ ಮೂರು ‘ನಾನೇ’ ಹೆಚ್ಚಾಯಿತು ಎಂದು ಒಳಗಿದ್ದ ಕರಡು ತಿದ್ದುವವ ಆಗಲೂ ಗೊಣಗಿದ. ಮಾಲೀಕ, ಹಾಗಾದರೆ ನೀವೇ ಹೋಗಿ ಕರೆದುಕೊಂಡು ಬನ್ನಿ ಎಂದ.

ಟೈಪಿಂಗಮ್ಮನ ಮನೆ ಒಂದೇ ಕೋಣೆಯದು. ಅಣ್ಣ ಕಿಟಕಿಯ ಪಕ್ಕ ಮಲಗಿದ್ದ. ಒತ್ತಕ್ಷರ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದ. ಆಕೆ ಒಳಗೆ ಹೋಗಿ ಚೀಲದಿಂದ ಮೂರು ಹಾಳೆ ತಂದು ಅವನ ಕೈಗಿಟ್ಟಳು. ಅಂಚಿನಲ್ಲಿ ಆಕೆಯ ಪೆನ್ಸಿಲ್, ಅದರ ಮೇಲೆ ಇವನ ಕೆಂಪು ‘ಸ್ವಲ್ಪ’, ಕೆಳಗೆ ‘ಸರಿ ಇದೆ’, ರುಜು. ಮಾಲೀಕ ಕೇಳಿದಾಗ ಈ ಹಾಳೆಗಳು ಆಕೆಯ ಹೆಗಲ ಚೀಲದಲ್ಲೇ ಇದ್ದವು.

“ಅವತ್ತೇ ತೋರಿಸ್ಬಹುದಿತ್ತಲ್ಲಮ್ಮ,” ಎಂದ.

“ಆ ಪುಟಾನ ಮೂರು ಸಲ ಟೈಪ್ ಮಾಡಿದ್ನಲ್ಲ ಸಾರ್,” ಎಂದಳು ಆಕೆ. “ಮಾಡ್ತಾ ಮಾಡ್ತಾ ಓದ್ಬಿಟ್ಟೆ.”

ಆಕೆ ಚಪ್ಪಲಿ ಹುಡುಕುತ್ತ, ಅಣ್ಣನಿಗೆ ನೀರಿಟ್ಟು ಬರುತ್ತೇನೆ, ಸಲ್ಪ ಇರಿ ಎಂದಳು. ಒತ್ತಕ್ಷರ ಸಲ್ಪ ಇದ್ದ.