ಎಲೆಯನ್ನೂ ಉಂಡ ಊಟ

ಒಬ್ಬ ಮನುಷ್ಯನ ಕೈಕೆಲಸವನ್ನು ಕಣ್ಣು ಮುಚ್ಚಿ ನಂಬುವ ನೀವು, ಅದೇ ಕೈ ನಿಮ್ಮ ಊಟದ ತಟ್ಟೆಗೆ ಇಳಿದರೆ ಸುಮ್ಮನೆ ಕೂರಬಲ್ಲಿರಾ? ಕಾಲೇಜಿನ ದಿನಗಳಲ್ಲಿ ಈ ಪ್ರಶ್ನೆಯನ್ನು ಚರ್ಚಾಸ್ಪರ್ಧೆಯ ವೇದಿಕೆಯಿಂದ ಎದುರು ಪಕ್ಷದತ್ತ ಎಸೆದು ಚಪ್ಪಾಳೆ ಗಿಟ್ಟಿಸಿದವನು ನಾನು. ಸಹಪಂಕ್ತಿ ಭೋಜನದ ಪರವಾಗಿ ನಾನು ಮಂಡಿಸಿದ ವಾದಗಳಿಗೆ ತುಮಕೂರಿನಲ್ಲಿಯೂ ಹಾಸನದಲ್ಲಿಯೂ ಬಹುಮಾನ ಬಂದಿದ್ದವು. ಆದರೆ ದಂಡಿನಶಿವರದ ಆಚೆಗಿರುವ ನಮ್ಮ ತೋಟದ ಮನೆಯಲ್ಲಿ ಆ ವಾದಗಳಲ್ಲಿ ಒಂದೂ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

ಮನೆಯ ಯಜಮಾನರು ನನ್ನ ದೊಡ್ಡಪ್ಪ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಪೂಜೆ ಮುಗಿಸದೆ ನೀರನ್ನೂ ಮುಟ್ಟದವರು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಒಂದು ಗೀರೂ ಬೀಳದಂತೆ ತೆಗೆಯುವ ಕೆಲಸಕ್ಕೆ ಅವರು ನಂಬಿದ್ದು ಒಬ್ಬರನ್ನೇ. ಚಿಕ್ಕನಾಯಕನಹಳ್ಳಿ ಕಡೆಯ ಕುರಿಗಾಹಿಗಳ ಹಟ್ಟಿಯಿಂದ ಬರುವ ಅವರನ್ನು ನಾವೆಲ್ಲ ಹಟ್ಟಿಯಣ್ಣ ಎಂದೇ ಕರೆಯುತ್ತೇವೆ. ಹಟ್ಟಿಯಣ್ಣ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಹೇಳಿದರೆ ಅದು ನಮ್ಮ ಮನೆಯಲ್ಲಿ ತೀರ್ಪು. ನಲವತ್ತು ವರ್ಷ ಹೀಗೆ ಜೊತೆಯಾಗಿ ದುಡಿದ ಈ ಇಬ್ಬರೂ ಒಮ್ಮೆಯೂ ಎದುರುಬದುರು ಕೂತು ಉಂಡವರಲ್ಲ. ದೊಡ್ಡಪ್ಪನ ಊಟ ನಡುಮನೆಯಲ್ಲಿ. ಹಟ್ಟಿಯಣ್ಣನ ಊಟ ಕೊಬ್ಬರಿ ಶೆಡ್ಡಿನಲ್ಲಿ. ಉಂಡ ಮೇಲೆ ಹಟ್ಟಿಯಣ್ಣ ತಮ್ಮ ಎಲೆಯನ್ನು ತಾವೇ ಎತ್ತಿ ತಿಪ್ಪೆಗೆ ಹಾಕಿ ಬರುತ್ತಿದ್ದರು. ಇಬ್ಬರಿಗೂ ವಯಸ್ಸಾಗುತ್ತಿತ್ತು. ಒಂದೇ ಒಂದು ಹೊತ್ತಾದರೂ ಅವರಿಬ್ಬರು ಒಟ್ಟಿಗೆ ಕೂತು ಉಣ್ಣುವುದನ್ನು ನಾನು ನೋಡಬೇಕು. ಇಲ್ಲದಿದ್ದರೆ ನಾನು ಈವರೆಗೆ ಆಡಿದ್ದೆಲ್ಲ ಬರಿಯ ಬಾಯಿಮಾತು ಎಂಬ ಅಳುಕು ನನ್ನನ್ನು ಕಾಡುತ್ತಿತ್ತು.

ಹಿಂದಿನ ವರ್ಷ ಬೆಂಗಳೂರಿನಲ್ಲಿ ಕಾಯಿ ಸುಲಿಯುವ ಯಂತ್ರಗಳ ಪ್ರದರ್ಶನ ನಡೆಯಿತು. ದೊಡ್ಡಪ್ಪ ಹಟ್ಟಿಯಣ್ಣನನ್ನೂ ಹೊರಡಿಸಿದರು. ಕಾರಣ ಕೇಳಿದರೆ, "ಅವ್ನು ಸೈ ಅಂದ್ರೆ ತಗಳಾದು, ಇಲ್ದಿದ್ರೆ ಇಲ್ಲ. ನಂಗೇನ್ ಗೊತ್ತಾಯ್ತದೆ?" ಎಂದರು. ಬೆಳಗಿನ ರೈಲಿಗೆ ಹೋದೆವು. ಹಟ್ಟಿಯಣ್ಣ ಪ್ರತಿಯೊಂದು ಯಂತ್ರದ ಬಾಯಿಗೂ ಒಂದೊಂದು ಕಾಯಿ ಕೊಟ್ಟು ನೋಡಿ, ಕೊನೆಗೆ, "ಇವು ಸುಲಿಯಾಕಿಲ್ಲ ಯಜಮಾನ್ರೇ, ಕಚ್ತವೆ," ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಮಧ್ಯಾಹ್ನದ ಊಟಕ್ಕೆ ಎಲ್ಲಿಗೆ ಹೋಗಬೇಕೆಂದು ನಾನು ಒಂದು ವಾರ ಮೊದಲೇ ನಿರ್ಧರಿಸಿದ್ದೆ. ಇಥಿಯೋಪಿಯಾ ದೇಶದ ಅಡುಗೆಯ ಒಂದು ಚಿಕ್ಕ ರೆಸ್ಟೋರೆಂಟಿನಲ್ಲಿ ಎಷ್ಟು ಜನ ಕೂತರೂ ಒಂದೇ ತಟ್ಟೆ ಇಡುತ್ತಾರೆಂದು ಕೇಳಿ ತಿಳಿದಿದ್ದೆ. ಫೋನು ಮಾಡಿ, ಆ ದೇಶದವರು ಉಪವಾಸದ ದಿನಗಳಲ್ಲಿ ಮಾಂಸ ಹಾಗಿರಲಿ, ಹಾಲು ತುಪ್ಪವನ್ನೂ ಸೇರಿಸದೆ ಮಾಡುವ ಊಟವನ್ನೇ ನಮಗೆ ಬೇರೆ ಪಾತ್ರೆಗಳಲ್ಲಿ ಮಾಡಿಕೊಡಬೇಕೆಂದು ಕೇಳಿಕೊಂಡಿದ್ದೆ. ತಟ್ಟೆಯ ವಿಷಯವನ್ನು ಮಾತ್ರ ಹಿರಿಯರಿಬ್ಬರಿಗೂ ಹೇಳಿರಲಿಲ್ಲ. ಅದು ಮೋಸವೇ. ನಾನು ಅದನ್ನು ಸಮರ್ಥಿಸಿಕೊಳ್ಳುವುದಿಲ್ಲ.

ಆ ಬೀದಿಯೇ ಒಂದು ಅಚ್ಚರಿ. ಜಪಾನಿನ ಊಟ, ಅದರ ಪಕ್ಕಕ್ಕೆ ಲೆಬನಾನಿನದು, ಮೆಟ್ಟಿಲು ಹತ್ತಿದರೆ ಕೊರಿಯಾದ್ದು, ಎದುರಿಗೆ ಇಟಲಿಯದು. ಗಾಜಿನ ಹಿಂದೆ ಕೂತವರು ಕಡ್ಡಿಯಲ್ಲಿ, ಕೈಯಲ್ಲಿ, ಚಮಚದಲ್ಲಿ ಉಣ್ಣುತ್ತಿದ್ದರು. ಸಾಗರಗಳು ಬೇರ್ಪಡಿಸಿದ ಹಸಿವುಗಳೆಲ್ಲ ಅಲ್ಲಿ ನೆರೆಹೊರೆಯಾಗಿದ್ದವು. ದೊಡ್ಡಪ್ಪ ಪಂಚೆಯ ಚುಂಗು ಹಿಡಿದು ನಿಂತುಬಿಟ್ಟರು.

"ಲೋಕ ಎಲ್ಲಾ ಇದೇ ಬೀದೀಗ್ ಉಣ್ಣಾಕ್ ಬಂದೈತಲ್ಲಪ್ಪಾ!"

"ನಾವೂ ಬಂದಿವಲ್ಲ ಯಜಮಾನ್ರೇ, ಲೆಕ್ಕ ಸರಿಯಾಯ್ತು," ಎಂದರು ಹಟ್ಟಿಯಣ್ಣ.

ರೆಸ್ಟೋರೆಂಟಿನೊಳಗೆ ಮೇಜುಗಳ ಬದಲು ಬಣ್ಣಬಣ್ಣದ ಹುಲ್ಲಿನಲ್ಲಿ ಹೆಣೆದ, ಸೊಂಟದೆತ್ತರದ ಬುಟ್ಟಿಗಳು. ಸುತ್ತ ಗಿಡ್ಡ ಪೀಠಗಳು.

"ಇದೇನ್ಲಾ ಇದು, ಕೋಳಿ ಮುಚ್ಚೋ ಮಂಕರಿ ಇದ್ದಂಗೈತೆ," ಎಂದು ದೊಡ್ಡಪ್ಪ ಹಟ್ಟಿಯಣ್ಣನ ಕಿವಿಯಲ್ಲಿ ಹೇಳಿದರು.

ರೆಸ್ಟೋರೆಂಟು ನಡೆಸುವ ಹೆಂಗಸು ಓದಲೆಂದು ಆ ದೇಶದಿಂದ ಬಂದು ಬೆಂಗಳೂರಿನಲ್ಲಿಯೇ ಉಳಿದವರು. ಅವರ ಕನ್ನಡ ತುಂಡುತುಂಡಾದರೂ ಸ್ಪಷ್ಟವಾಗಿತ್ತು. ಉದ್ದ ಕತ್ತಿನ ಹೂಜಿ ಮತ್ತು ಬೋಗುಣಿ ಹಿಡಿದು ನಮ್ಮ ಬಳಿ ಬಂದು, "ನಿಮ್ಮಲ್ಲಿ ದೊಡ್ಡವರು ಯಾರು? ಅವರಿಗೆ ಮೊದಲು," ಎಂದರು.

ನಾನು ದೊಡ್ಡಪ್ಪನ ಕಡೆ ಕೈ ತೋರಿಸಬೇಕೆನ್ನುವಷ್ಟರಲ್ಲಿ ದೊಡ್ಡಪ್ಪನೇ, "ಅವ್ನೇ ಕಣವ್ವಾ ದೊಡ್ಡೋನು. ನಾನ್ ಹುಟ್ದಾಗ ಇವ್ನು ಕುರಿಮರಿ ಎತ್ಕಂಡ್ ಓಡಾಡ್ತಿದ್ನಂತೆ," ಎಂದರು.

ಆಕೆ ಬಾಗಿ ಹಟ್ಟಿಯಣ್ಣನ ಕೈಗೆ ನೀರು ಹೊಯ್ದರು. ಚಿಪ್ಪಿನ ಚೂರುಗಳಿಂದ ಗೀರುಬಿದ್ದ ಆ ಅಂಗೈಗಳ ಮೇಲೆ ಬೆಚ್ಚನೆಯ ನೀರು ಸಣ್ಣಗೆ ಹರಿಯಿತು. ಅವರು ಕೈಯನ್ನು ಹಿಂದಕ್ಕೆ ತೆಗೆಯಲೂ ಇಲ್ಲ, ಉಜ್ಜಲೂ ಇಲ್ಲ. ಸುಮ್ಮನೆ ನೀರನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಅವರನ್ನು ಬಲ್ಲ ನನಗೆ, ಈ ಇಬ್ಬರಲ್ಲಿ ಹಿರಿಯರು ಯಾರೆಂದು ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಆಮೇಲೆ ತಟ್ಟೆ ಬಂತು. ನಮ್ಮ ಮನೆಯ ಮೊರದಷ್ಟು ಅಗಲ. ಅದರ ಮೇಲೆ ಅಂಚಿನವರೆಗೂ ಕಂದುಬಣ್ಣದ ಮೆತ್ತನೆಯ ಹಾಳೆಯೊಂದು ಹಾಸಿತ್ತು. ಊಟದ ಪದಾರ್ಥ ಇನ್ನೂ ಒಂದೂ ಬಂದಿರಲಿಲ್ಲ. ದೊಡ್ಡಪ್ಪ ಆ ಹಾಳೆಯನ್ನು ನೋಡಿ ಸಮಾಧಾನದಿಂದ ತಲೆಯಾಡಿಸಿ, ಲೋಟದ ನೀರನ್ನು ಅಂಗೈಗೆ ಹಾಕಿಕೊಂಡು ಅದರ ಮೇಲೆ ಚಿಮುಕಿಸಿ, ಬಾಳೆಎಲೆಯನ್ನು ಒರೆಸುವಂತೆಯೇ ಒರೆಸತೊಡಗಿದರು.

ಆಕೆ "ಅಯ್ಯೋ!" ಎಂದು ಓಡಿಬಂದರು. "ಅದು ಎಲೆ ಅಲ್ಲ ಅಂಕಲ್. ಅದೇ ಊಟ. ಇಂಜೆರಾ. ತಿನ್ನೋದು."

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ಹಟ್ಟಿಯಣ್ಣನ ನಗು ಪಕ್ಕದ ಬುಟ್ಟಿಯವರನ್ನೂ ತಿರುಗಿ ನೋಡುವಂತೆ ಮಾಡಿತು. "ಊಟಕ್ಕೇ ಸ್ನಾನ ಮಾಡ್ಸುದ್ರಲ್ಲಾ ಯಜಮಾನ್ರೇ!"

ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ದಿನಗಟ್ಟಲೆ ಹುಳಿಬರಿಸಿ ಹೊಯ್ದ ದೋಸೆ ಅದು. ಆಕೆ ನೆನೆದದ್ದನ್ನು ತೆಗೆದು ಇನ್ನೊಂದನ್ನು ಹಾಸಿ, ಅದರ ಮೇಲೆ ಕೆಂಪು ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು, ಎಲೆಕೋಸು ಎಲ್ಲವನ್ನೂ ಗುಡ್ಡೆಗುಡ್ಡೆಯಾಗಿ ಬಡಿಸಿದರು. ಎಲ್ಲವೂ ಒಂದೇ ಹಾಸಿನ ಮೇಲೆ. ಬೇರೆ ತಟ್ಟೆ ಬರುವುದಿಲ್ಲವೆಂದು ಇಬ್ಬರಿಗೂ ಆಗ ಅರ್ಥವಾಯಿತು.

ನಾನು ದೊಡ್ಡಪ್ಪನಿಂದ ಆಕ್ಷೇಪವನ್ನು ನಿರೀಕ್ಷಿಸಿ, ಅದಕ್ಕೆ ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದೆ. ಮಾತು ಬಂದದ್ದು ಇನ್ನೊಂದು ಕಡೆಯಿಂದ.

"ನಂಗೊಂದ್ ಬ್ಯಾರೆ ತಟ್ಟೆ ಕೊಡವ್ವಾ," ಎಂದರು ಹಟ್ಟಿಯಣ್ಣ. "ನಮ್ ದ್ಯಾವ್ರ ಕಟ್ಲೆ ಐತೆ. ಇನ್ನೊಬ್ರು ಕೈಯಿಟ್ಟಿದ್ದು ನಾವ್ ಉಣ್ಣಂಗಿಲ್ಲ."

ಅವರ ಹಟ್ಟಿಯಲ್ಲಿ ಅಂಥ ಕಟ್ಟಳೆ ನಿಜಕ್ಕೂ ಇತ್ತು. ಆದರೆ ದೊಡ್ಡಪ್ಪನಿಗೆ ಮುಜುಗರವಾಗದಿರಲೆಂದೇ ಅವರು ಅದನ್ನು ಮುಂದೆ ಮಾಡಿದರೆಂದು ನನಗೆ ಈಗಲೂ ಅನುಮಾನ.

ದೊಡ್ಡಪ್ಪ ಕೆಣಕಿದರು. "ಯಾಕ್ಲಾ, ನಿನ್ ದ್ಯಾವ್ರು ಬೆಂಗ್ಳೂರ್ಗೂ ಟಿಕೀಟ್ ತಗಂಡ್ ಬಂದವ್ನಾ?"

"ನಮ್ಮೋನು ಹಟ್ಟೀಲವ್ನೆ ಬುಡಿ. ನಿಮ್ಮೋನು ಎದೆ ಮ್ಯಾಲೇ ಕುಂತವ್ನಲ್ಲ, ಮೊದ್ಲು ಅವ್ನ್ ಒಪ್ಪಿಸ್ಕಳಿ."

ದೊಡ್ಡಪ್ಪ ಕರಡಿಗೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಕೂತರು. ಆಮೇಲೆ ತೋರುಬೆರಳಿನಿಂದ ಆ ಹಾಸಿನ ಮೇಲೆ ಒಂದು ಗೆರೆ ಎಳೆದರು. "ಇದು ಬದು. ಆಕಡೆ ನಿಂದು, ಈಕಡೆ ನಂದು. ಯಾರ್ ಎಂಜ್ಲೂ ಯಾರ್ಗೂ ಇಲ್ಲ. ಉಣ್ಣು."

ಉಂಡರು. ಅಂಚಿನ ಎರಡು ತುತ್ತಿಗೇ ಕೈ ನಿಲ್ಲಿಸಿ ನಾನು ಅದನ್ನು ನೋಡಿದೆ. ಬದು ಬಹಳ ಹೊತ್ತು ನಿಲ್ಲಲಿಲ್ಲ. ಬೇಳೆಯ ರಸ ಮೊದಲು ದಾಟಿತು, ಸೊಪ್ಪು ಹಿಂಬಾಲಿಸಿತು. "ಆ ಕೆಂಪಗಿಂದು ಖಾರ ಚೆಂದಾಗೈತೆ, ತಗಳಿ," ಎಂದು ಹಟ್ಟಿಯಣ್ಣ ತಮ್ಮ ಕಡೆಯ ಬೇಳೆಯನ್ನು ಬೆರಳಿನಿಂದ ಆಚೆಗೆ ತಳ್ಳಿದರು. ದೊಡ್ಡಪ್ಪ ಅದನ್ನು ಉಂಡರು. ಕೊನೆಗೆ ಉಳಿದದ್ದು ತಳದ ಹಾಸು ಮಾತ್ರ. ಎಲ್ಲ ರಸವನ್ನೂ ಹೀರಿ ಮೆತ್ತಗಾಗಿತ್ತು. ಇಬ್ಬರೂ ಎರಡು ಕಡೆಯಿಂದ ಹರಿದು ತಿನ್ನುತ್ತ ನಡುವಿಗೆ ಬಂದರು. ಕಟ್ಟಕಡೆಯ ತುಂಡನ್ನು ದೊಡ್ಡಪ್ಪ ಹರಿದು ಅರ್ಧವನ್ನು ಹಟ್ಟಿಯಣ್ಣನ ಕೈಗಿಟ್ಟರು.

ಖಾಲಿ ತಟ್ಟೆ ಹೊಳೆಯುತ್ತಿತ್ತು. "ಎತ್ತಾಕೆ ಎಲೇನೇ ಇಲ್ವಲ್ಲ," ಎಂದರು ಹಟ್ಟಿಯಣ್ಣ, ತಮಗೆ ತಾವೇ ಎಂಬಂತೆ. ನಮ್ಮಲ್ಲಿ ಮೇಲು ಕೀಳುಗಳು ಊಟ ಮುಗಿದ ಮೇಲೂ ಉಳಿಯುವುದು ಎಂಜಲೆಲೆಯಲ್ಲಿ. ಅದನ್ನು ಯಾರು ಎತ್ತಬೇಕು ಎಂಬುದರಲ್ಲಿ. ಎಲ್ಲೋ ದೂರದ ಬೆಟ್ಟದ ನಾಡಿನ ತಾಯಂದಿರು, ನಮ್ಮ ಜಗಳವನ್ನು ಕೇಳಿಯೂ ಅರಿಯದವರು, ಎಲೆಯನ್ನೇ ಅನ್ನವಾಗಿಸಿ ಆ ಪ್ರಶ್ನೆಯೇ ಏಳದಂತೆ ಮಾಡಿದ್ದರು. ನಾನು ಕಲಿತ ಯಾವ ವಾದಸರಣಿಯೂ ಅಷ್ಟು ಸರಳವಾಗಿರಲಿಲ್ಲ. ಆ ತಟ್ಟೆಯ ಮುಂದೆ ನನಗೆ ಕೈಮುಗಿಯಬೇಕೆನಿಸಿತು.

ಸಂಜೆಯ ರೈಲು ತುಮಕೂರು ದಾಟಿದಾಗ ದೊಡ್ಡಪ್ಪ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದರು. ಗೆದ್ದ ಹುಮ್ಮಸ್ಸಿನಲ್ಲಿ ನಾನು ಹಟ್ಟಿಯಣ್ಣನಿಗೆ, "ಇನ್ನುಮೇಲೆ ನೀವು ಶೆಡ್ಡಿನಲ್ಲಿ ಉಣ್ಣುವುದು ಬೇಡ. ನಮ್ಮ ನಡುಮನೆಗೆ ಬನ್ನಿ," ಎಂದೆ.

ಅವರು ಎಲೆಅಡಿಕೆ ಮೆಲ್ಲುತ್ತ ನನ್ನನ್ನು ನೋಡಿದರು. "ಬತ್ತೀನಿ ಕಣಪ್ಪ. ಆದ್ರೆ ಒಂದ್ ಮಾತು. ನಲವತ್ತು ವರ್ಸದಾಗೆ ನಿಮ್ ಮನೇರು ಒಬ್ರಾರ ನಮ್ ಹಟ್ಟೀಗ್ ಬಂದು ಒಂದ್ ತುತ್ತು ಉಂಡಿದ್ದೀರಾ? ನಿನ್ ಭಾಸ್ಣದಾಗೆ ಬರೀ ಕರಿಯಾದೇ ಐತೆ. ಹೋಗಾದು ಎಲ್ಲೈತೆ?"

ಸಹಪಂಕ್ತಿಯೆಂದರೆ ನಾವು ಬಾಗಿಲು ತೆರೆದು ಕೊಡುವ ದಾನವೆಂದೇ ನಾನು ತಿಳಿದಿದ್ದೆ. ಅವರ ಬಾಗಿಲಲ್ಲಿ ನಿಂತು ಪಡೆಯುವುದೂ ಅದರಲ್ಲಿ ಸೇರಿದೆಯೆಂದು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ನಿದ್ದೆ ಹೋಗಿದ್ದಾರೆಂದುಕೊಂಡಿದ್ದ ದೊಡ್ಡಪ್ಪ ಕಣ್ಣು ತೆರೆಯದೆಯೇ ಕೇಳಿದರು: "ಮುದ್ದೆಗೆ ಏನ್ ಸಾರ್ ಮಾಡ್ತಾಳ್ಲಾ ನಿನ್ ಹೆಂಡ್ತಿ?"

"ಅವರೇಕಾಯಿ ಬರ್ಲಿ ಬುಡಿ, ಹೇಳ್ ಕಳಿಸ್ತೀನಿ."

ಅವರೇಕಾಯಿ ಬಂದ ಮೇಲೆ ಕರೆಯೂ ಬಂತು. ಹಟ್ಟಿಯ ಮುಳ್ಳುಬೇಲಿಯ ಹೊರಗೇ ಎಲ್ಲರೂ ಚಪ್ಪಲಿ ಬಿಡಬೇಕು. ದೊಡ್ಡಪ್ಪ ಯಾರೂ ಹೇಳುವ ಮೊದಲೇ ಬಿಟ್ಟರು, ಮಣ್ಣಿನ ಮೇಲೆ ಬರಿಗಾಲಿನಲ್ಲಿ ಕುಂಟುತ್ತ ಒಳಗೆ ನಡೆದರು. ಹಟ್ಟಿಯಣ್ಣನ ಹೆಂಡತಿ ನಮಗಾಗಿ ಮಾಂಸದ ಗಾಳಿ ಸೋಕದ ಹೊಸ ಮಡಕೆಯಲ್ಲಿ ಸಾರು ಮಾಡಿದ್ದರು. ಅದನ್ನು ತಾವಾಗಿ ಹೇಳಲಿಲ್ಲ, ಮಡಕೆಯ ತಳ ಇನ್ನೂ ಕೆಂಪಗಿದ್ದುದರಿಂದ ನನಗೆ ತಿಳಿಯಿತು. ನಮ್ಮ ಕಟ್ಟಳೆಯನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು ಆಕೆ. ದೊಡ್ಡಪ್ಪ ಹಟ್ಟಿಯಣ್ಣನ ಮಗ್ಗುಲಲ್ಲಿ ಕೂತು ಉಂಡು, "ಇನ್ನರ್ಧ ಮುದ್ದೆ ಇಕ್ಕವ್ವ," ಎಂದು ಕೇಳಿ ಹಾಕಿಸಿಕೊಂಡರು.

ನಮ್ಮ ಮನೆಯಲ್ಲಿ ಎಲ್ಲವೂ ಬದಲಾಯಿತೆಂದು ನಾನು ಹೇಳಲಾರೆ. ದೊಡ್ಡಮ್ಮನ ಮುಖ ಇನ್ನೂ ಬಿಗಿಯಾಗಿದೆ. ಈ ಸಲ ಕಾಯಿ ಇಳಿಸುವಾಗ ಊಟ ಬಡಿಸಿದ್ದು ಜಗುಲಿಯ ಮೇಲೆ, ಇಬ್ಬರಿಗೂ ಅಲ್ಲಿಯೇ. ನಡುಮನೆ ಇನ್ನೂ ದೂರವಿದೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೊಂದಿಗೆ ವರ್ಷಗಳಿಂದ ದುಡಿಯುತ್ತಿರುವ, ಆದರೆ ಅವರ ಮನೆಯ ಊಟವನ್ನು ನೀವು ಎಂದೂ ಉಣ್ಣದ ಒಬ್ಬರನ್ನು ಈ ವಾರವೇ ಕೇಳಿ: "ನಿಮ್ಮ ಮನೆಗೆ ಊಟಕ್ಕೆ ಬರಲೇ?" ಅವರು ಒಪ್ಪಿದ ದಿನ ಹೋಗಿ, ಕೂರಿಸಿದಲ್ಲಿ ಕೂತು, ಉಂಡು ಬನ್ನಿ.